ಕೋಡ್ ಬರೆಯದೆ ಮಾಡಿದ ಗೇಮ್ ನಿಜವಾದ ಗೇಮ್ ಹೌದೇ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಒಂದು ವರ್ಷದಿಂದ ಸ್ಕ್ರ್ಯಾಚ್‌ನಲ್ಲಿ ಗೇಮ್ ಮಾಡುವ ಹುಚ್ಚು ಹಿಡಿದಿತ್ತು. ಬಣ್ಣಬಣ್ಣದ ತುಂಡು ಜೋಡಿಸಿ ಬೆಕ್ಕನ್ನು ಓಡಿಸುತ್ತಿದ್ದಳು, ಅದರ ಕೈಲಿ ಮೀನು ಹಿಡಿಸುತ್ತಿದ್ದಳು. ದಸರಾ ರಜೆಗೆ ಬಂದ ಅವಳ ಸೋದರಮಾವ (ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ) ನೋಡಿ, "ಇದೆಲ್ಲ ಮಕ್ಕಳಾಟ ಪುಟ್ಟಿ, ನಿಜವಾದ ಗೇಮ್ ಹೀಗೆ ಮಾಡಲ್ಲ, ಸಿ ಪ್ಲಸ್ ಪ್ಲಸ್ ಕಲಿ" ಎಂದ. (ಅದೊಂದು ಪ್ರೋಗ್ರಾಮಿಂಗ್ ಭಾಷೆಯಂತೆ.) ಅವತ್ತಿನಿಂದ ಅವಳು ಅದನ್ನು ಮುಟ್ಟಿಲ್ಲ. ಇಂಥ ಸುಲಭದ ತಂತ್ರಾಂಶಗಳು ಯಾವಾಗ ಶುರುವಾದವು? ಇವುಗಳಲ್ಲಿ ದೊಡ್ಡ ಗೇಮ್ ಯಾರಾದರೂ ಮಾಡಿದ್ದಾರೆಯೇ? ಮುಂದೆ ಅವಳಿಗೆ ಏನು ಕೊಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಅವತ್ತಿನಿಂದ ಮುಟ್ಟಿಲ್ಲ’ ಎಂಬ ಮಾತು. ಹಾಗಾಗಿ ಇತಿಹಾಸ ಆಮೇಲೆ. ಇವತ್ತು ಸಂಜೆಯೇ ಅವಳಿಗೆ ಹೇಳಬಹುದಾದ ನಾಲ್ಕು ಹೆಸರು ಮೊದಲು ಕೊಡುತ್ತೇನೆ: 1993ರ ಮಿಸ್ಟ್, 2008ರ ಸ್ಪೆಲಂಕಿ, 2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್, 2015ರ ಅಂಡರ್‌ಟೇಲ್. ಪ್ರಪಂಚದ ಮೂಲೆಮೂಲೆಯಲ್ಲಿ ಜನ ಆಡಿದ ಈ ನಾಲ್ಕೂ ಹುಟ್ಟಿದ್ದು ಪ್ರೋಗ್ರಾಮಿಂಗ್ ಬಾರದವರೂ ಬಳಸಲಿ ಎಂದು ಮಾಡಿದ ತಂತ್ರಾಂಶಗಳಲ್ಲಿ. ನಿಮ್ಮ ಭಾವಮೈದುನನ ಮೇಲೆ ಸಿಟ್ಟಾಗಬೇಡಿ. ಅವರ ಮಾತಿನಲ್ಲೂ ಅರ್ಧ ನಿಜವಿದೆ, ಅದಕ್ಕೂ ಬರುತ್ತೇನೆ.

ಚುಕ್ಕಿ ರಂಗೋಲಿಯನ್ನು ನೆನಪಿಸಿಕೊಳ್ಳಿ. ಬರಿ ಅಂಗಳದಲ್ಲಿ ರಂಗೋಲಿ ಪುಡಿ ಹಿಡಿದು ನಿಂತ ಹುಡುಗಿಗೆ ಕೈ ಓಡುವುದಿಲ್ಲ. ಹದಿಮೂರರಿಂದ ಏಳರವರೆಗೆ ಮಧ್ಯದ ಚುಕ್ಕಿ ಅಂತ ಅಮ್ಮ ಇಟ್ಟುಕೊಟ್ಟರೆ ಅದೇ ಹುಡುಗಿ ಸರಸರ ಗೆರೆ ಎಳೆಯುತ್ತಾಳೆ. ಚುಕ್ಕಿ ಅಮ್ಮನದು, ರಂಗೋಲಿ ಅವಳದು. ಸುಲಭದ ಗೇಮ್ ತಂತ್ರಾಂಶ ಮಾಡುವ ಕೆಲಸವೂ ಇದೇ. ಚಿತ್ರವನ್ನು ಪರದೆಗೆ ತರುವುದು, ಎರಡು ವಸ್ತು ಡಿಕ್ಕಿ ಹೊಡೆದದ್ದು ತಿಳಿಯುವುದು, ಹಾರಿದವನು ಕೆಳಗೆ ಬೀಳುವುದು, ಯಾವ ಕೀಲಿ ಒತ್ತಿದರೆಂದು ಕೇಳಿಸಿಕೊಳ್ಳುವುದು, ಈ ಎಲ್ಲ ಚುಕ್ಕಿಗಳನ್ನು ಬೇರೆ ಯಾರೋ ಮೊದಲೇ ಇಟ್ಟಿರುತ್ತಾರೆ. ಎಷ್ಟು ಚುಕ್ಕಿ ಇಡಬೇಕು, ಚುಕ್ಕಿ ದಾಟಿ ಗೆರೆ ಎಳೆಯಲು ಬಿಡಬೇಕೇ ಬೇಡವೇ ಎಂಬುದನ್ನು ಒಬ್ಬೊಬ್ಬರು ಒಂದೊಂದು ಥರ ತೀರ್ಮಾನ ಮಾಡಿದರು. ನಲವತ್ತು ವರ್ಷದ ಈ ಕಥೆಯನ್ನು ನಾನು ಓದಿಕೊಳ್ಳುವುದು ಹಾಗೆ.

ಚುಕ್ಕಿಯೇ ಇಲ್ಲದ ಕಾಲವೂ ಒಂದಿತ್ತು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್, ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಮುಟ್ಟಲಿ ಎಂದು ಬೇಸಿಕ್ ಭಾಷೆ ಮಾಡಿದರು. ಎಂಬತ್ತರ ದಶಕದ ಮನೆ ಕಂಪ್ಯೂಟರುಗಳಲ್ಲಿ ಸ್ವಿಚ್ ಹಾಕಿದರೆ ಎದುರಾಗುತ್ತಿದ್ದದ್ದು ಬೇಸಿಕ್ಕೇ. ನಮ್ಮಲ್ಲಿಗೂ ಅದು ಬಂತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡಿಸಿತು. ನಾನು ಆ ಪೀಳಿಗೆಯವನು. ಪತ್ರಿಕೆಯಲ್ಲಿ ಅಚ್ಚಾದ ಗೇಮನ್ನು ಸಾಲುಸಾಲಾಗಿ ನೋಡಿ ಟೈಪ್ ಮಾಡಬೇಕು. ಇನ್ನೂರು ಸಾಲು ಹೊಡೆದು ಓಡಿಸಿದರೆ ಎಲ್ಲೋ ಒಂದು ಅಲ್ಪವಿರಾಮ ತಪ್ಪಿರುತ್ತಿತ್ತು. ಅದನ್ನು ಹುಡುಕುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು, ಜೊತೆಗೆ ಇನ್ನೂರು ಸಾಲೂ. ಅದರಿಂದ ಕಲಿತದ್ದು ಬಹಳ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಜೊತೆ ಆ ಕೋಣೆಯಲ್ಲಿದ್ದ ಹತ್ತು ಮಕ್ಕಳಲ್ಲಿ ಎಂಟು ಮಂದಿ ಎರಡನೇ ವಾರಕ್ಕೆ ಬರುವುದನ್ನು ನಿಲ್ಲಿಸಿದರು. ಚಿತ್ರ ಚೆನ್ನಾಗಿ ಬರೆಯುತ್ತಿದ್ದವರು, ಕಥೆ ಕಟ್ಟುತ್ತಿದ್ದವರು ಆ ಎಂಟರಲ್ಲೇ ಇದ್ದರು. ಈ ವಿಷಯದಲ್ಲಿ ನನಗೆ ಇಷ್ಟು ಕಾಳಜಿ ಇರಲು ಅವರೇ ಕಾರಣ.

ಚುಕ್ಕಿ ಇಟ್ಟ ಮೊದಲ ದೊಡ್ಡ ಹೆಸರು ಬಿಲ್ ಬಡ್ಜ್. ಆಪಲ್ ಟು ಕಂಪ್ಯೂಟರಿಗೆ 1981ರಲ್ಲಿ ರಾಸ್ಟರ್ ಬ್ಲಾಸ್ಟರ್ ಎಂಬ ಪಿನ್‌ಬಾಲ್ ಗೇಮ್ ಬರೆದು ಹೆಸರಾಗಿದ್ದರು. ಪಿನ್‌ಬಾಲ್ ಅಂದರೆ ಗಾಜಿನ ಕೆಳಗಿನ ಇಳಿಜಾರು ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಗುಂಡು ಕೆಳಗೆ ಬೀಳದಂತೆ ತಟ್ಟುವ ಎರಡು ರೆಕ್ಕೆ. ಬಡ್ಜ್ ಕೆಲಕಾಲ ಆಪಲ್ ಕಂಪನಿಯಲ್ಲೂ ದುಡಿದಿದ್ದರು. ಪರದೆಯ ಮೇಲಿನ ಪುಟ್ಟ ಚಿತ್ರಗಳನ್ನು ಹಿಡಿದು ಎಳೆದು ಕೆಲಸ ಮಾಡಿಸುವ ವಿಚಾರ ಆಗ ಅಲ್ಲಿ ಬೆಳೆಯುತ್ತಿತ್ತು, ಆಪಲ್ ಅದನ್ನು ಇನ್ನೂ ಮಾರುಕಟ್ಟೆಗೆ ತಂದಿರಲಿಲ್ಲ. ಅದನ್ನು ಅವರು ಪಿನ್‌ಬಾಲಿಗೆ ತಂದರು. 1983ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಪ್ರಕಟಿಸಿದ ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್‌ನಲ್ಲಿ ಪರದೆಯ ಒಂದು ಕಡೆ ಖಾಲಿ ಹಲಗೆ, ಇನ್ನೊಂದು ಕಡೆ ಬಿಡಿಭಾಗಗಳ ರಾಶಿ. ಕೈಯಾಕಾರದ ಗುರುತಿನಿಂದ ರೆಕ್ಕೆ, ಪುಟಿಸುವ ಗುಬ್ಬಿ, ಗುರಿಹಲಗೆ ಎತ್ತಿ ತಂದು ಇಡುವುದು. ಗುರುತ್ವಾಕರ್ಷಣೆ ಎಷ್ಟಿರಬೇಕು, ಗುಂಡು ಎಷ್ಟು ಪುಟಿಯಬೇಕು ಎಂಬುದನ್ನು ಜಾರುಪಟ್ಟಿ ಎಳೆದು ಹೇಳುವುದು. ಈ ಮೂರು ಗುರಿಗೂ ಬಡಿದರೆ ಮಾತ್ರ ಇಷ್ಟು ಅಂಕ ಎಂಬ ನಿಯಮವನ್ನು ತಂತಿ ಜೋಡಿಸಿದ ಹಾಗೆ ಜೋಡಿಸುವುದು. ಎಲ್ಲಿಯೂ ಒಂದು ಸಾಲು ಟೈಪ್ ಮಾಡಬೇಕಿಲ್ಲ.

ಅದರಲ್ಲಿ ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ ಎರಡು. ಒಂದು, ಹಲಗೆಯನ್ನು ಕಟ್ಟುತ್ತ ಕಟ್ಟುತ್ತಲೇ ಗುಂಡು ಬಿಟ್ಟು ಆಡಿ ನೋಡಬಹುದಿತ್ತು. ಗುಂಡು ಎಲ್ಲೋ ಸಿಕ್ಕಿಹಾಕಿಕೊಂಡಿತೇ, ಆ ಗೋಡೆಯನ್ನು ಎರಡು ಬೆರಳು ಪಕ್ಕಕ್ಕೆ ಸರಿಸು, ಮತ್ತೆ ಬಿಡು. ಯೋಚನೆ ಬಂದ ಕ್ಷಣಕ್ಕೂ ಅದು ಕಣ್ಣಿಗೆ ಕಾಣುವ ಕ್ಷಣಕ್ಕೂ ನಡುವೆ ಹೆಚ್ಚು ಹೊತ್ತಿಲ್ಲ. ಮಕ್ಕಳು ಕೂತು ಕೆಲಸ ಮಾಡುವುದು ಆ ಹೊತ್ತು ಚಿಕ್ಕದಾಗಿದ್ದಾಗ ಎಂಬುದು ನನ್ನ ಅನುಭವ. ಎರಡು, ಮಾಡಿದ ಗೇಮನ್ನು ಫ್ಲಾಪಿಗೆ ಹಾಕಿ ಗೆಳೆಯನಿಗೆ ಕೊಟ್ಟರೆ, ಆ ಗೆಳೆಯನ ಹತ್ತಿರ ಮೂಲ ತಂತ್ರಾಂಶ ಇಲ್ಲದಿದ್ದರೂ ಆಡಬಹುದಿತ್ತು. ಮಾಡಿದವರಿಗೆ ‘ಇದು ನನ್ನದು’ ಎನ್ನುವ ಹೆಮ್ಮೆ ಬರುವುದು ಅದು ಕೈ ದಾಟಿ ಹೋದಾಗ.

ಅದೇ ವರ್ಷ ಡಗ್ ಸ್ಮಿತ್ ಅವರ ಲೋಡ್ ರನ್ನರ್ ಬಂತು. 150 ಹಂತಗಳ ಗೇಮ್, ಜೊತೆಗೆ ನೀವೇ ಹೊಸ ಹಂತ ಕಟ್ಟುವ ಸಲಕರಣೆ. ಇತ್ತ ವಿಲ್ ರೈಟ್ ಎಂಬ ಯುವಕ ಹೆಲಿಕಾಪ್ಟರಿನಿಂದ ಬಾಂಬ್ ಹಾಕುವ ಗೇಮ್ ಒಂದನ್ನು ಮಾಡುತ್ತ, ಬಾಂಬ್ ಹಾಕುವುದಕ್ಕಿಂತ ಅದರ ನಕ್ಷೆ ಕಟ್ಟುವ ಸಲಕರಣೆಯೇ ತನಗೆ ಹೆಚ್ಚು ಖುಷಿ ಕೊಡುತ್ತದೆ ಎಂದು ಕಂಡುಕೊಂಡರು. ರಸ್ತೆ, ಮನೆ, ದ್ವೀಪ ಜೋಡಿಸುವ ಆ ಸಂತೋಷವೇ 1989ರಲ್ಲಿ ಸಿಮ್‌ಸಿಟಿಯಾಯಿತು. ಬಡ್ಜ್ ಅವರ ಪಿನ್‌ಬಾಲ್ ಸಲಕರಣೆಯಿಂದ ಪ್ರೇರಣೆ ಪಡೆದವರಲ್ಲಿ ರೈಟ್ ಒಬ್ಬರು. ಗೇಮ್ ಕಟ್ಟುವುದೇ ಒಂದು ಗೇಮ್ ಎಂಬುದು ಹೀಗೆ ಜಗತ್ತಿಗೆ ಗೊತ್ತಾಯಿತು.

ಬ್ರಿಟನ್ನಿನಲ್ಲಿ ಬೇರೆ ದಾರಿ. ಗ್ರೇಮ್ ಯೀಂಡಲ್ ಅವರ ದಿ ಕ್ವಿಲ್ (1983) ಬರಹದ ಸಾಹಸಕಥೆಗಳಿಗೆ. ಕೋಣೆ, ವಸ್ತು, ಬಾಗಿಲು ತುಂಬುತ್ತ ಹೋದರೆ ಆಟ ಸಿದ್ಧ. ಅದರಲ್ಲಿ ಮಾಡಿದ ಕಥೆಗಳು ಅಂಗಡಿಯಲ್ಲಿ ಮಾರಾಟವೂ ಆದವು. 1987ರಲ್ಲಿ ಸೆನ್ಸಿಬಲ್ ಸಾಫ್ಟ್‌ವೇರ್‌ನವರ ಶೂಟ್ ಎಮ್ ಅಪ್ ಕನ್‌ಸ್ಟ್ರಕ್ಷನ್ ಕಿಟ್ ಬಂತು, ಇದು ಗುಂಡು ಹಾರಿಸುವ ಆಟಗಳಿಗೆ ಮಾತ್ರ. ಕೋಡ್ ಸೊನ್ನೆ. ವಿಮಾನ ಬಿಡಿಸು, ಶತ್ರು ಬರುವ ದಾರಿ ತೋರಿಸು, ಮುಗಿಯಿತು. ಇಲ್ಲಿ ಚುಕ್ಕಿಗಳು ತೀರಾ ಒತ್ತು. ಯಾರು ಮಾಡಿದರೂ ಬಣ್ಣ ಬದಲಾದ ಅದೇ ಆಟ ಬರುತ್ತಿತ್ತು. ‘ಇವೆಲ್ಲ ಮಕ್ಕಳಾಟ’ ಎಂಬ ಮಾತಿಗೆ ಆಧಾರ ಸಿಕ್ಕಿದ್ದು ಇಂಥ ಕಿಟ್‌ಗಳಿಂದ, ಅದನ್ನು ಒಪ್ಪಬೇಕು. ಆದರೂ ಒಂದು ಭಾನುವಾರದಲ್ಲಿ ತನ್ನದೇ ವಿಮಾನ ಹಾರಿಸಿದ ಹತ್ತು ವರ್ಷದ ಹುಡುಗನಿಗೆ ಅದು ಏನು ಕೊಟ್ಟಿತು ಎಂಬುದನ್ನು ಆಟದ ಗುಣಮಟ್ಟದಿಂದ ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ಮಿಸ್ಟ್ ಕಥೆ ಚಿಕ್ಕದು. 1987ರಲ್ಲಿ ಬಿಲ್ ಅಟ್ಕಿನ್ಸನ್ ಹೈಪರ್‌ಕಾರ್ಡ್ ಮಾಡಿದರು, ಆಪಲ್ ಅದನ್ನು ಮ್ಯಾಕ್ ಕಂಪ್ಯೂಟರಿನ ಜೊತೆ ಉಚಿತವಾಗಿ ಕೊಟ್ಟಿತು. ಇಸ್ಪೀಟೆಲೆಯಂಥ ಕಾರ್ಡುಗಳು. ಒಂದು ಕಾರ್ಡಿನ ಗುಂಡಿ ಒತ್ತಿದರೆ ಇನ್ನೊಂದು ಕಾರ್ಡು ತೆರೆಯುತ್ತದೆ. ವಿಳಾಸದ ಪುಸ್ತಕ, ಪಾಠದ ಟಿಪ್ಪಣಿ ಮಾಡಿಕೊಳ್ಳಲೆಂದು ಇದ್ದ ಅದನ್ನು ಹಿಡಿದು ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು ಒಂದು ನಿಗೂಢ ದ್ವೀಪವನ್ನೇ ಕಟ್ಟಿದರು. ಮ್ಯಾಕ್‌ನ ಮಿಸ್ಟ್ ಓಡುತ್ತಿದ್ದದ್ದು ಹೈಪರ್‌ಕಾರ್ಡ್ ಮೇಲೆ. 2002ರಲ್ಲಿ ದಿ ಸಿಮ್ಸ್ ಹಿಂದಿಕ್ಕುವವರೆಗೆ ಅತಿ ಹೆಚ್ಚು ಮಾರಾಟವಾದ ಪಿಸಿ ಗೇಮ್ ಅದು. ದಿ ಸಿಮ್ಸ್ ಮಾಡಿದವರು ಮೇಲೆ ಹೇಳಿದ ಅದೇ ವಿಲ್ ರೈಟ್.

ಈಗ ನಿಮ್ಮ ಭಾವಮೈದುನನಿಗೆ ವಿಶೇಷವಾಗಿ ಹೇಳಬೇಕಾದ ಕಥೆ. ಇವತ್ತಿನ ದೊಡ್ಡ ದೊಡ್ಡ ಗೇಮುಗಳ ಹಿಂದಿರುವ ಅನ್‌ರಿಯಲ್ ಎಂಜಿನ್ ಹೆಸರು ಅವರು ಕೇಳಿಯೇ ಇರುತ್ತಾರೆ (ಎಂಜಿನ್ ಅಂದರೆ ಗೇಮ್ ಕಟ್ಟಲು ತಳಪಾಯವಾಗುವ ತಂತ್ರಾಂಶ). ಅದು ಸಿ ಪ್ಲಸ್ ಪ್ಲಸ್‌ನಲ್ಲೇ ಬರೆದದ್ದು. ಅದನ್ನು ಹುಟ್ಟುಹಾಕಿದ ಟಿಮ್ ಸ್ವೀನಿ ಶುರು ಮಾಡಿದ್ದು ಎಲ್ಲಿಂದ? ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗ ಅವರು ತಮ್ಮ ಬಳಕೆಗೆ ಒಂದು ಟೆಕ್ಸ್ಟ್ ಎಡಿಟರ್, ಅಂದರೆ ಅಕ್ಷರ ಟೈಪ್ ಮಾಡಿ ತಿದ್ದುವ ತಂತ್ರಾಂಶ, ಬರೆಯುತ್ತಿದ್ದರು. ಬೇಸರ ಬಂದು, ಪರದೆಯಲ್ಲಿ ಮಿಣುಕುವ ಕರ್ಸರನ್ನು ನಗುಮುಖದ ಪಾತ್ರವನ್ನಾಗಿ ಮಾಡಿದರು. ಕೆಲವು ಅಕ್ಷರಗಳನ್ನು ಗೋಡೆ ಮಾಡಿದರು, ಕೆಲವನ್ನು ಹುಲಿ, ಸಿಂಹ ಮಾಡಿದರು. 1991ರ ಜನವರಿಯಲ್ಲಿ ಝಡ್‌ಝಡ್‌ಟಿ ಎಂಬ ಹೆಸರಿನಲ್ಲಿ ಅದು ಹೊರಬಂತು. ಕಂಪನಿಯ ವಿಳಾಸ ಅಪ್ಪ ಅಮ್ಮನ ಮನೆ. ಚಿತ್ರ ಎಂಬುದೇ ಇಲ್ಲ, ಎಲ್ಲ ಅಕ್ಷರ ಮತ್ತು ಚಿಹ್ನೆ. ಆದರೆ ಆಟದ ಜೊತೆಗೆ ಅದನ್ನು ಕಟ್ಟುವ ಎಡಿಟರನ್ನೂ ಸ್ವೀನಿ ಕೊಟ್ಟುಬಿಟ್ಟರು. ವಸ್ತುಗಳಿಗೆ ಬುದ್ಧಿ ಕೊಡಲು ಒಂದು ಪುಟ್ಟ ಭಾಷೆಯೂ ಅದರಲ್ಲಿತ್ತು. ಮುಟ್ಟಿದರೆ ಮಾತಾಡು, ಗುಂಡು ತಾಗಿದರೆ ಸಾಯಿ, ಬಲಕ್ಕೆ ಹೋಗು, ಅಷ್ಟು ಸರಳ.

ಮಕ್ಕಳು ಅದಕ್ಕೆ ಮುಗಿಬಿದ್ದರು. ಸ್ವೀನಿ ಊಹಿಸದೇ ಇದ್ದ ಆಟಗಳನ್ನೆಲ್ಲ ಕಟ್ಟಿದರು. ಮೂವತ್ತು ವರ್ಷ ಕಳೆದರೂ ಝಡ್‌ಝಡ್‌ಟಿಯಲ್ಲಿ ಹೊಸ ಲೋಕ ಕಟ್ಟುವವರು ಇದ್ದಾರೆ. ಅದರ ಮೂಲ ಕೋಡ್ ಕಳೆದುಹೋಗಿತ್ತು. 2020ರಲ್ಲಿ ಅಭಿಮಾನಿಯೊಬ್ಬರು ಓಡುವ ಪ್ರೋಗ್ರಾಮನ್ನೇ ಬಿಡಿಸಿ ನೋಡಿ ಆ ಕೋಡನ್ನು ಮತ್ತೆ ಬರೆದು ನಿಲ್ಲಿಸಿದರು. ಆಟದ ಜೊತೆ ಅದನ್ನು ಕಟ್ಟುವ ಸಲಕರಣೆಯನ್ನೂ ಕೊಡಬೇಕು ಎಂಬುದು ಆ ಮಕ್ಕಳಿಂದಲೇ ಸ್ವೀನಿಗೆ ಮನದಟ್ಟಾಯಿತು ಎಂದು ನಾನು ತಿಳಿಯುತ್ತೇನೆ. 1998ರಲ್ಲಿ ಅನ್‌ರಿಯಲ್ ಗೇಮ್ ಬಂದಾಗ ಅದರ ಜೊತೆಗೂ ಎಡಿಟರ್ ಬಂತು. 2014ರ ಅನ್‌ರಿಯಲ್ ನಾಲ್ಕನೇ ಆವೃತ್ತಿಯಲ್ಲಿ ಬ್ಲೂಪ್ರಿಂಟ್ ಎಂಬ ವ್ಯವಸ್ಥೆ ಬಂತು. ಡಬ್ಬಿಗಳ ನಡುವೆ ತಂತಿ ಎಳೆದು ಆಟದ ನಿಯಮ ಬರೆಯುವುದು, ಅಂದರೆ ನಿಮ್ಮ ಮಗಳ ಬಣ್ಣದ ತುಂಡುಗಳ ದಾಯಾದಿ. ದೊಡ್ಡ ಸ್ಟುಡಿಯೋಗಳಲ್ಲಿ ಸಂಬಳಕ್ಕೆ ದುಡಿಯುವ ವಿನ್ಯಾಸಕಾರರು ದಿನವೂ ಮಾಡುವ ಕೆಲಸ ಅದು.

1994ರಲ್ಲಿ ಫ್ರಾನ್ಸಿನ ಕ್ಲಿಕ್‌ಟೀಮ್‌ನ ಫ್ರಾನ್ಸ್ವಾ ಲಿಯೋನೆ ಮತ್ತು ಈವ್ ಲಾಮೊರೂ ಕ್ಲಿಕ್ ಅಂಡ್ ಪ್ಲೇ ತಂದರು. ಇದರ ಜೀವ ಒಂದು ಕೋಷ್ಟಕದಲ್ಲಿತ್ತು. ಅಡ್ಡಸಾಲಿನಲ್ಲಿ ಸಂದರ್ಭಗಳು, ಕಂಬಸಾಲಿನಲ್ಲಿ ವಸ್ತುಗಳು. ‘ಚೆಂಡು ಗೋಡೆಗೆ ತಾಗಿದಾಗ’ ಎಂಬ ಸಾಲು ‘ಚೆಂಡು’ ಎಂಬ ಕಂಬವನ್ನು ಸೇರುವ ಚೌಕದಲ್ಲಿ ‘ಪುಟಿ’ ಎಂದು ಗುರುತು ಹಾಕಿದರೆ ಮುಗಿಯಿತು. ಶಾಲೆಯ ವೇಳಾಪಟ್ಟಿ ಓದಬಲ್ಲವರು ಗೇಮ್ ಮಾಡಬಹುದಿತ್ತು. ಇಷ್ಟು ಒಳ್ಳೆಯ ವಿಚಾರ ಈ ಕ್ಷೇತ್ರದಲ್ಲಿ ಹೆಚ್ಚು ಬಂದಿಲ್ಲ. ಈಗಿನ ಕನ್‌ಸ್ಟ್ರಕ್ಟ್, ಜಿಡೆವಲಪ್ ಎಲ್ಲ ಇದೇ ಜಾಡಿನವು.

ಇದೇ ವಂಶದ ಕ್ಲಿಕ್‌ಟೀಮ್ ಫ್ಯೂಷನ್‌ನಲ್ಲಿ ಸ್ಕಾಟ್ ಕಾಥನ್ ಎಂಬವರು ವರ್ಷಗಟ್ಟಲೆ ಮಕ್ಕಳ ಗೇಮುಗಳನ್ನು ಮಾಡುತ್ತಿದ್ದರು. ಅವರ ಒಂದು ಗೇಮಿನ ಪಾತ್ರಗಳು ಯಂತ್ರದ ಗೊಂಬೆಗಳ ಹಾಗೆ ಭಯ ಹುಟ್ಟಿಸುತ್ತವೆ ಎಂದು ಜನ ಟೀಕಿಸಿದರು. ಮನಸ್ಸಿಗೆ ಬಹಳ ನೋವಾಯಿತು. ಆಮೇಲೆ, ಭಯವೇ ಹುಟ್ಟುವುದಾದರೆ ನಿಜವಾಗಿ ಹೆದರಿಸುವ ಯಂತ್ರದ ಗೊಂಬೆಗಳನ್ನೇ ಮಾಡುತ್ತೇನೆ ಎಂದು ಕೂತು 2014ರಲ್ಲಿ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಮಾಡಿದರು. ಟೀಕೆ ಕೇಳಿ ಕೈಬಿಟ್ಟಿರುವ ನಿಮ್ಮ ಮಗಳಿಗೆ ಈ ಒಂದು ಕಥೆಯನ್ನು ಬಿಡದೆ ಹೇಳಿ. (ಆ ಗೇಮ್ ತೋರಿಸಬೇಡಿ, ಅವಳ ವಯಸ್ಸಿಗೆ ರಾತ್ರಿ ನಿದ್ದೆ ಕೆಡುತ್ತದೆ.)

ಜಪಾನಿನಲ್ಲಿ ಆಸ್ಕಿ ಎಂಬ ಕಂಪನಿ 1992ರಿಂದ ಆರ್‌ಪಿಜಿ ತ್ಸುಕೂರು ಸರಣಿ ಮಾಡಿತು. ಆರ್‌ಪಿಜಿ ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಹೊಕ್ಕು ಆಡುವ ಆಟ. ಜಪಾನಿ ಭಾಷೆಯ ‘ತ್ಸುಕುರು’, ಅಂದರೆ ಮಾಡು ಎಂಬ ಕ್ರಿಯಾಪದಕ್ಕೆ ಟೂಲ್ ಎಂಬ ಪದ ಬೆಸೆದ ಹೆಸರು. ಹೊರಗೆ ಅದು ಆರ್‌ಪಿಜಿ ಮೇಕರ್. 2004ರಲ್ಲಿ ಕಿಕಿಯಾಮಾ ಎಂಬ ಹೆಸರಿನ ಹಿಂದೆ ಅಡಗಿದ ಒಬ್ಬರು ಅದರಲ್ಲಿ ಯುಮೆ ನಿಕ್ಕಿ ಎಂಬ ಕನಸಿನಂಥ ಆಟ ಮಾಡಿ ಉಚಿತವಾಗಿ ಹಂಚಿದರು. ಯುದ್ಧದ ಆಟಗಳಿಗೆಂದೇ ಇಟ್ಟ ಚುಕ್ಕಿಗಳಲ್ಲಿ ಯುದ್ಧವೇ ಇಲ್ಲದ ರಂಗೋಲಿ.

ಇನ್ನು ಗೇಮ್‌ಮೇಕರ್. ಮಾರ್ಕ್ ಓವರ್‌ಮಾರ್ಸ್ ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಡೆತಡೆಗಳ ನಡುವೆ ರೋಬೋಟ್ ದಾರಿ ಹುಡುಕುವ ವಿಧಾನ ಒಂದನ್ನು ಕಂಡುಹಿಡಿದವರಲ್ಲಿ ಒಬ್ಬರು, ಆ ವಿಷಯ ಓದುವವರಿಗೆಲ್ಲ ಗೊತ್ತಿರುವ ಹೆಸರು. ಇಂಥ ಗಣಿತದ ಮನುಷ್ಯ 1999ರ ನವೆಂಬರಿನಲ್ಲಿ ಅನಿಮೋ ಎಂಬ ಪುಟ್ಟ ತಂತ್ರಾಂಶವನ್ನು ಉಚಿತವಾಗಿ ಬಿಟ್ಟರು. ಮೂಲ ಉದ್ದೇಶ ಚಿತ್ರಗಳನ್ನು ಚಲಿಸುವಂತೆ ಮಾಡುವುದು. ಜನ ಅದರಲ್ಲಿ ಆಟ ಮಾಡತೊಡಗಿದ್ದರಿಂದ ಅದು ಗೇಮ್ ಮೇಕರ್ ಆಯಿತು. ‘ಸಿ ಪ್ಲಸ್ ಪ್ಲಸ್ ಬಲ್ಲವರು ಇದನ್ನು ಕೀಳಾಗಿ ಕಾಣುತ್ತಾರೆ’ ಎಂಬ ಮಾತಿಗೆ ಎದುರಾಗಿ ನಾನು ಸದಾ ಈ ಪ್ರಾಧ್ಯಾಪಕರನ್ನು ನೆನೆಯುತ್ತೇನೆ. ಕಠಿಣವಾದದ್ದನ್ನು ಪೂರಾ ಬಲ್ಲವರೇ ಸುಲಭವಾದದ್ದನ್ನು ಮಾಡಿ ಕೈಗಿಟ್ಟರು.

ಅವರ ಜಾಣತನ ಇದ್ದದ್ದು ಎರಡು ಅಂತಸ್ತಿನಲ್ಲಿ. ಮೇಲೆ ಚಿತ್ರದ ತುಂಡುಗಳು, ಎಳೆದು ತಂದು ಜೋಡಿಸುವುದು. ಕೆಳಗೆ ನಿಜವಾದ ಒಂದು ಭಾಷೆ. ಮೊದಲ ವಾರ ತುಂಡು ಜೋಡಿಸುತ್ತೀರಿ. ಒಂದು ದಿನ, ಶತ್ರು ಸುಮ್ಮನೆ ಎಡಬಲ ಓಡಾಡದೆ ನನ್ನನ್ನು ಅಟ್ಟಿಸಿಕೊಂಡು ಬರಬೇಕು ಅನ್ನಿಸುತ್ತದೆ, ತುಂಡುಗಳು ಸಾಲುವುದಿಲ್ಲ. ಆಗ ಒಂದು ಸಾಲು ಕೋಡ್ ಬರೆಯುತ್ತೀರಿ. ಇನ್ನೊಂದು ತಿಂಗಳಿಗೆ ಅರ್ಧ ಆಟ ಕೋಡ್‌ನಲ್ಲಿರುತ್ತದೆ. ನೀವು ಯಾವತ್ತು ಪ್ರೋಗ್ರಾಮರ್ ಆದಿರಿ ಎಂದು ಕೇಳಿದರೆ ನಿಮಗೇ ಗೊತ್ತಿರುವುದಿಲ್ಲ. ಚುಕ್ಕಿ ದಾಟಲು ಬಿಡುವ ತಂತ್ರಾಂಶ ಎಂದರೆ ಇದು.

ಡೆರೆಕ್ ಯೂ 2008ರಲ್ಲಿ ಇದರಲ್ಲಿ ಸ್ಪೆಲಂಕಿ ಮಾಡಿ ಉಚಿತವಾಗಿ ಕೊಟ್ಟರು, ಮರುವರ್ಷ ಅದರ ಒಳಗಿನ ಕೋಡನ್ನೂ ಎಲ್ಲರಿಗೂ ತೆರೆದಿಟ್ಟರು. ಟೋಬಿ ಫಾಕ್ಸ್ 2013ರಲ್ಲಿ ಜನರ ಹತ್ತಿರ ಚಂದಾ ಎತ್ತಿದಾಗ ಕೇಳಿದ್ದು 5 ಸಾವಿರ ಡಾಲರ್, ಬಂದದ್ದು 51 ಸಾವಿರ. 2015ರಲ್ಲಿ ಅಂಡರ್‌ಟೇಲ್ ಬಂತು. ಕಥೆ, ಸಂಗೀತ, ಪ್ರೋಗ್ರಾಮಿಂಗ್ ಬಹುಪಾಲು ಅವರೊಬ್ಬರದೇ. ಆ ಗೇಮಿನ ಕೋಡ್ ಬಿಡಿಸಿ ನೋಡಿದವರಿಗೆ, ಪಾತ್ರಗಳ ಬಹಳಷ್ಟು ಸಂಭಾಷಣೆಯನ್ನು ಹನುಮಂತನ ಬಾಲದಂಥ ಒಂದೇ ಪಟ್ಟಿಯಲ್ಲಿ ತುರುಕಿರುವುದು ಕಂಡಿತು. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಕತ್ತರಿಸುತ್ತಾರೆ. ಆದರೆ ಶತ್ರುವನ್ನು ಕೊಲ್ಲದೆ ಮಾತಾಡಿಸಿ ಸ್ನೇಹ ಮಾಡಿಕೊಳ್ಳಬಹುದು ಎಂಬ ವಿಚಾರ ಆ ಪಟ್ಟಿಯೊಳಗಿತ್ತು, ಆಡಿದವರು ಕಣ್ಣೀರು ಹಾಕಿದ್ದು ಅದಕ್ಕೆ.

ನಿಮ್ಮ ಮಗಳ ಸ್ಕ್ರ್ಯಾಚ್ ಬಂದದ್ದು ಬೇರೆ ಮನೆತನದಿಂದ. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋರ್‌ಜೈಗ್ ಮಕ್ಕಳಿಗೆಂದು ಲೋಗೋ ಭಾಷೆ ಮಾಡಿದರು. ಆಮೇಲೆ ಅದಕ್ಕೊಂದು ಆಮೆ ಬಂತು. ಮುಂದೆ ಹೋಗು, ಬಲಕ್ಕೆ ತಿರುಗು ಎಂದರೆ ಗೆರೆ ಎಳೆಯುತ್ತ ನಡೆಯುವ ಆಮೆ. ನಮ್ಮಲ್ಲಿ ಅನೇಕ ಶಾಲೆಗಳ ಕಂಪ್ಯೂಟರ್ ಪಾಠದಲ್ಲಿ ಅದು ಇತ್ತು, ನಿಮಗೂ ನೆನಪಿರಬಹುದು. ಪ್ಯಾಪರ್ಟ್ ಅವರ ಹಾದಿಯಲ್ಲೇ ಬಂದ ಮಿಚೆಲ್ ರೆಸ್ನಿಕ್ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅವರ ತಂಡ 2007ರಲ್ಲಿ ಸ್ಕ್ರ್ಯಾಚ್ ಬಿಡುಗಡೆ ಮಾಡಿತು. ಜೋಡಣೆ ಆಟಿಕೆಯ ಹಾಗೆ, ಸೇರಬಾರದ ತುಂಡುಗಳು ಸೇರುವುದೇ ಇಲ್ಲ. ನನ್ನ ಇನ್ನೂರು ಸಾಲನ್ನು ಕೆಡಿಸಿದ ಅಲ್ಪವಿರಾಮದ ತಪ್ಪು ಇಲ್ಲಿ ಮಾಡಲು ಸಾಧ್ಯವೇ ಇಲ್ಲ. ಉಳಿಯುವುದು ಯೋಚನೆಯ ತಪ್ಪು ಮಾತ್ರ, ಕಲಿಯಬೇಕಾದದ್ದೂ ಅದನ್ನೇ. ಬೇರೆ ಮಕ್ಕಳ ಆಟವನ್ನು ಒಳಹೊಕ್ಕು ನೋಡಿ, ತನಗೆ ಬೇಕಾದಂತೆ ತಿದ್ದಿ, ಮೂಲ ಮಾಡಿದವರ ಹೆಸರು ಉಳಿಸಿಯೇ ಹಂಚಬಹುದು. ನೋಂದಾಯಿಸಿಕೊಂಡವರ ಸಂಖ್ಯೆ 10 ಕೋಟಿ ದಾಟಿದೆ.

ಈಗ ನಿಮ್ಮ ಭಾವಮೈದುನನ ಅರ್ಧ ನಿಜ. ಸ್ಕ್ರ್ಯಾಚ್‌ಗೆ ಗಡಿ ಇದೆ. ಸೆಕೆಂಡಿಗೆ 30 ಚಿತ್ರ, ಒಂದೇ ಸಲಕ್ಕೆ 300 ನಕಲು ಪಾತ್ರ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಅಂಗಡಿಗೆ ಬರುವ ಗೇಮ್ ಮಾಡಲು ಅದು ಸಾಲದು. ಮುಂದೊಂದು ದಿನ ಅವಳು ಕೋಡ್ ಬರೆಯಬೇಕಾಗುತ್ತದೆ. ಆದರೆ ಆ ದಿನವನ್ನು ಗೊತ್ತು ಮಾಡಬೇಕಾದದ್ದು ಅವಳ ಆಟ. ‘ನನ್ನ ಮೀನುಗಳು ಐನೂರು ಇರಬೇಕು, ಇದರಲ್ಲಿ ಆಗುತ್ತಿಲ್ಲ’ ಎಂದು ಅವಳೇ ಬಂದು ಗೋಗರೆದ ದಿನ ಕೋಡ್ ಪುಸ್ತಕ ತೆರೆದರೆ ಒಂದೇ ವಾರದಲ್ಲಿ ಕಲಿಯುತ್ತಾಳೆ. ಈಗ ಹೇರಿದರೆ ನನ್ನ ಕೋಣೆಯ ಎಂಟು ಮಕ್ಕಳ ಹಾಗೆ ಎದ್ದು ಹೋಗುತ್ತಾಳೆ, ಈಗಾಗಲೇ ಅರ್ಧ ಹೋಗಿದ್ದಾಳೆ.

ಮುಂದಿನ ಹೆಜ್ಜೆಗೆ ತಂತ್ರಾಂಶ ಆರಿಸುವಾಗ ಇನ್ನೊಂದು ವಿಷಯ ನೋಡಬೇಕು: ಚುಕ್ಕಿ ಇಟ್ಟವರು ನಾಳೆ ಅಳಿಸಿಬಿಟ್ಟರೆ? ಒಂದು ಇಡೀ ಪೀಳಿಗೆ, ಬ್ರೌಸರಿನಲ್ಲಿ ಚಲಿಸುವ ಚಿತ್ರ ಮತ್ತು ಆಟ ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಗೇಮ್ ಮಾಡಲು ಕಲಿತಿತ್ತು. 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೆಂಬಲ ನಿಂತಿತು, ಸಾವಿರಾರು ಆಟಗಳು ಬ್ರೌಸರಿನಿಂದ ಮಾಯವಾದವು. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ, ತನ್ನ ಎಂಜಿನ್‌ನಲ್ಲಿ ಮಾಡಿದ ಗೇಮ್ ಒಂದು ಮಿತಿ ದಾಟಿದ ಮೇಲೆ ಪ್ರತಿ ಹೊಸ ಇನ್‌ಸ್ಟಾಲಿಗೂ ಶುಲ್ಕ ಎಂದು ಪ್ರಕಟಿಸಿತು. ಗೇಮ್ ಮಾಡುವವರು ತಿರುಗಿಬಿದ್ದ ಮೇಲೆ ಸಡಿಲಿಸಿ, ಒಂದು ವರ್ಷದ ಬಳಿಕ ಪೂರ್ತಿ ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಜನ ಗೊಡಾಟ್ ಕಡೆ ನಡೆದಿದ್ದರು. ಅರ್ಜೆಂಟೀನಾದ ಹ್ವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮನ್ಸೂರ್ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟ ಎಂಜಿನ್ ಅದು. ದುಡ್ಡು ಕೊಡಬೇಕಿಲ್ಲ, ಯಾರೂ ಕಿತ್ತುಕೊಳ್ಳಲಾರರು, ಇನ್‌ಸ್ಟಾಲ್ ಮಾಡುವ ಗೋಜೂ ಇಲ್ಲದೆ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ.

ಕನ್ನಡದ ಮಾತೂ ಇದೆ. ಬಹಳಷ್ಟು ಗೇಮ್ ಎಂಜಿನ್‌ಗಳಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತವೆ. ಕರ್ನಾಟಕ ಎಂಬ ಹೆಸರಿನ ಅರ್ಕಾವತ್ತೇ ಒಡೆದು ಹೋಗುತ್ತದೆ, ‘ಸ್ತ್ರೀ’ ಗುರುತೇ ಸಿಗುವುದಿಲ್ಲ. ಬ್ರೌಸರಿನ ಮೇಲೆ ನಿಂತ ಸ್ಕ್ರ್ಯಾಚ್, ಜಿಡೆವಲಪ್‌ಗಳಲ್ಲಿ ಅಕ್ಷರ ಜೋಡಿಸುವ ಕೆಲಸ ಬ್ರೌಸರಿನದು, ಹಾಗಾಗಿ ಕನ್ನಡ ಸರಿಯಾಗಿ ಬರುತ್ತದೆ. ಗೊಡಾಟ್‌ನಲ್ಲಿ 2023ರ ನಾಲ್ಕನೇ ಆವೃತ್ತಿಯಿಂದ ಈ ಸೌಕರ್ಯ ಬಂದಿದೆ. ಬೆಕ್ಕಿನ ಮಾತಿನ ಗುಳ್ಳೆಯಲ್ಲಿ "ಬಾರೋ ಮೀನೇ" ಎಂದು ಬರೆಯಲು ಹೇಳಿ ನೋಡಿ. ತುಂಡುಗಳ ಮೇಲಿನ ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡರೂ ಅಂಕ, ಜೀವ, ವೇಗ ಎಂದು ತಾನೇ ಇಡುವ ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು.

ಆದ್ದರಿಂದ ನನ್ನ ಸಲಹೆ: ಈಗ ಏನೂ ಕೊಡಿಸಬೇಡಿ. ಸ್ಕ್ರ್ಯಾಚ್‌ನಲ್ಲೇ ಇರಲಿ, ಇಂಟರ್ನೆಟ್ ತೊಂದರೆ ಇದ್ದರೆ ಅದರ ಆಫ್‌ಲೈನ್ ಆ್ಯಪ್ ಹಾಕಿಕೊಡಿ. ಗೋಡೆ ಅಡ್ಡ ಬಂದ ದಿನ ಜಿಡೆವಲಪ್ ತೋರಿಸಿ, ಸಂದರ್ಭ–ಕೆಲಸ ಎಂಬ ಅದರ ಸಾಲುಗಳು ಅವಳಿಗೆ ಒಂದು ದಿನದಲ್ಲಿ ಅರ್ಥವಾಗುತ್ತವೆ. ಕೋಡ್ ಬರೆಯುವ ಆಸೆ ಬಂದರೆ ಗೊಡಾಟ್, ಅದರ ಭಾಷೆ ಪೈಥಾನ್ ಎಂಬ ಸರಳ ಪ್ರೋಗ್ರಾಮಿಂಗ್ ಭಾಷೆಯ ಹಾಗೆ ಓದಿಸಿಕೊಳ್ಳುತ್ತದೆ. ಗೇಮ್‌ಮೇಕರ್ ಕೂಡ 2023ರ ನವೆಂಬರಿನಿಂದ, ಮಾರಾಟ ಮಾಡದವರಿಗೆ ಉಚಿತ.

ಮುಂದಿನ ಸಲ ಅವಳ ಸೋದರಮಾವ ಬಂದಾಗ ಒಂದು ಕೆಲಸ ಮಾಡಿ. ಮೊದಲು ಅವಳ ಮೀನಿನ ಆಟವನ್ನು ಅವರ ಕೈಲಿ ಆಡಿಸಿ, ಸೋಲುವವರೆಗೆ. ಆಮೇಲೆ ಆ ಆಟದ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಅದರ ಹೆಸರಿನ ಕೊನೆಯಲ್ಲಿ ಎಸ್‌ಬಿ3 ಎಂದಿರುತ್ತದೆ. ಅದನ್ನು ಅಳಿಸಿ ಜಿಪ್ ಎಂದು ಬರೆದು ತೆರೆಯಲು ಅವರಿಗೇ ಹೇಳಿ. ಒಳಗೆ ಚಿತ್ರ, ದನಿಗಳ ಜೊತೆ ಪ್ರಾಜೆಕ್ಟ್ ಎಂಬ ಹೆಸರಿನ ಒಂದು ಫೈಲ್ ಇರುತ್ತದೆ. ಬಣ್ಣದ ತುಂಡುಗಳಲ್ಲಿ ಅವಳು ಬರೆದ ಪ್ರತಿಯೊಂದು ‘ಹೀಗಾದರೆ ಹಾಗೆ’, ಪ್ರತಿಯೊಂದು ‘ಮತ್ತೆ ಮತ್ತೆ ಮಾಡು’ ಅದರಲ್ಲಿ ಅಕ್ಷರವಾಗಿ ಸಾಲುಗಟ್ಟಿ ಕೂತಿದೆ. ಓದಲು ಅವರಿಗೆ ಬರುತ್ತದೆ. ಪಕ್ಕದಲ್ಲಿ ಅವಳನ್ನೂ ಕೂರಿಸಿ, ಯಾವ ಸಾಲು ಯಾವ ಮೀನಿನದು ಎಂದು ಅವಳು ತೋರಿಸಲಿ.